ಸಂಜೆಯಪ್ಪನ ಹಿಡಿಕೆ

ಊರಿನವರ ಪಾಲಿಗೆ ಸೂರ್ಯ ತನ್ನ ಪಾಡಿಗೆ ತಾನು ಮುಳುಗುತ್ತಿದ್ದ. ಬಾನುಲಿ ನಿಲಯದವರ ಪಾಲಿಗೆ ಅವನನ್ನು ಮುಳುಗಿಸುತ್ತಿದ್ದವನು ಸಂಜೆಯಪ್ಪ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಅದು ಕಚೇರಿಯ ಕಡತಗಳೊಳಗೆ ಧೂಳು ತಿನ್ನುತ್ತ ಬಿದ್ದಿತ್ತು. ಹೊಸದಾಗಿ ಬಂದ ಅಧಿಕಾರಿಗಳು ಮೊದಮೊದಲು ಆ ಹೆಸರು ಹಿಡಿದು ಕೂಗುತ್ತಿದ್ದರು. ಸ್ವಲ್ಪ ದಿನಕ್ಕೆ ಅವರ ಬಾಯಲ್ಲೂ ಸಂಜೆಯಪ್ಪನೇ.

ನಿಲಯದ ಸ್ಟುಡಿಯೋ ಊರೊಳಗೆ, ಅಂಚೆ ಕಚೇರಿಯ ಬೆನ್ನಿಗೆ ಇತ್ತು. ಮಾತಾಡುವವರು, ಹಾಡುವವರು, ಅವರಿಗೆ ಚಹಾ ತಂದುಕೊಡುವವರು ಎಲ್ಲ ಅಲ್ಲಿ. ಆ ಮಾತನ್ನು ಗಾಳಿಗೆ ಬಿಡುವ ಟ್ರಾನ್ಸ್‌ಮಿಟರ್ ಮಾತ್ರ ಊರಾಚೆ, ಬೇರೆ ಯಾವ ಕೆಲಸಕ್ಕೂ ಬಾರದ ಜೌಗು ಬಯಲಿನಲ್ಲಿ. ಆಕಾಶಕ್ಕೆ ನೆಟ್ಟ ಒಂದು ಕಬ್ಬಿಣದ ಕಂಬ, ಹತ್ತಿರದಲ್ಲಿ ಒಂದು ಕಟ್ಟಡ, ಅದರೊಳಗೆ ಬೀರುವಿನಷ್ಟೆತ್ತರದ ಬೂದು ಬಣ್ಣದ ಪೆಟ್ಟಿಗೆಗಳು, ಅವುಗಳ ಮುಂದೆ ಕೈ ಕಿತ್ತುಹೋದ ಒಂದು ಕುರ್ಚಿ. ಮಧ್ಯಾಹ್ನದ ಊಟ ಮುಗಿಸಿ ಸೈಕಲ್ ತುಳಿದು ಬಂದು ಆ ಕುರ್ಚಿಯಲ್ಲಿ ಕೂತರೆ ನಿಲಯ ಮುಚ್ಚುವವರೆಗೆ ಸಂಜೆಯಪ್ಪನಿಗೆ ಬೇರೆ ಲೋಕವಿಲ್ಲ. ಪೆಟ್ಟಿಗೆಗಳನ್ನು ತಂಪಾಗಿಡುವ ಫ್ಯಾನುಗಳು ಒಂದೇ ಸಮನೆ ಗುಂಯ್ ಎನ್ನುತ್ತಿದ್ದವು. ಆ ಗುಂಯ್ ಅವನ ಕಿವಿಯಲ್ಲೇ ಕೂತು ಮನೆಗೂ ಬರುತ್ತಿತ್ತು, ರಜೆಯ ದಿನವೂ ಬಿಡುತ್ತಿರಲಿಲ್ಲ. ವರ್ಷಗಳು ಕಳೆದಂತೆ ಅವನಿಗೆ ಆಗುತ್ತಿದ್ದ ದಣಿವು ಮೈಯದೋ ಕಿವಿಯದೋ ಅವನಿಗೇ ತಿಳಿಯದಾಗಿತ್ತು.

ಅವನ ದಿನದ ಮುಖ್ಯ ಕೆಲಸ ಒಂದೇ. ಹಗಲಿನಲ್ಲಿ ಈ ನಿಲಯಕ್ಕೆ ಹತ್ತು ಕಿಲೋವ್ಯಾಟ್ ಶಕ್ತಿಯಲ್ಲಿ ಮಾತಾಡಲು ಅಪ್ಪಣೆ ಇತ್ತು, ಸೂರ್ಯ ಮುಳುಗಿದ ಮೇಲೆ ಒಂದೇ ಒಂದು. ಇದೇನು ಜಿಪುಣತನ ಎಂದು ಕೇಳದವರಿಲ್ಲ. ಜಿಪುಣತನವಲ್ಲ. ಹಗಲು ಹೊತ್ತು ಬಿಸಿಲಿನ ದೆಸೆಯಿಂದ ಮೇಲಿನ ಆಕಾಶದಲ್ಲಿ ಒಂದು ಪದರ ಹುಟ್ಟಿಕೊಂಡಿರುತ್ತದೆ. ಮೇಲಕ್ಕೆ ಹೋದ ರೇಡಿಯೋ ಅಲೆಯನ್ನು ಅದು ನುಂಗಿ ನೀರು ಕುಡಿಯುತ್ತದೆ. ಉಳಿಯುವುದು ನೆಲ ಹಿಡಿದು ಹೋಗುವ ಅಲೆ, ಅದು ಸುತ್ತಲಿನ ಊರುಗಳನ್ನು ಮುಟ್ಟಿ ಸುಸ್ತಾಗಿ ನಿಲ್ಲುತ್ತದೆ. ಬಿಸಿಲು ಹೋಯಿತೋ, ಆ ಪದರವೂ ಕರಗಿತು. ಆಗ ಮೇಲೆ ಹೋದದ್ದು ಇನ್ನೂ ಎತ್ತರದ ಮತ್ತೊಂದು ಪದರಕ್ಕೆ ತಗುಲಿ, ಗೋಡೆಗೆ ಎಸೆದ ಚೆಂಡಿನ ಹಾಗೆ ವಾಪಸು ಬಂದು, ಯಾರೂ ಕರೆಯದ ಯಾವುದೋ ದೂರದ ಊರಿನಲ್ಲಿ ಇಳಿಯುತ್ತದೆ. ಅಲ್ಲಿ ಡಯಲಿನ ಅದೇ ಅಂಕಿಯ ಮೇಲೆ ಇನ್ನೊಂದು ನಿಲಯ ಸಂಸಾರ ಹೂಡಿರುತ್ತದೆ. ಲೋಕದಲ್ಲಿ ನಿಲಯಗಳು ಹೆಚ್ಚು, ಡಯಲಿನಲ್ಲಿ ಅಂಕಿಗಳು ಕಡಿಮೆ, ಹಂಚಿಕೊಳ್ಳದೆ ಗತಿಯಿಲ್ಲ. ಅದಕ್ಕೇ ಹಗಲು ಬೇಕಾದಷ್ಟು ಕೂಗಿಕೊಳ್ಳಿ, ಕತ್ತಲಾದ ಮೇಲೆ ದನಿ ತಗ್ಗಿಸಿ ಎಂಬ ಕಟ್ಟಳೆ. ತಗ್ಗಿಸುವ ಕೈ ಸಂಜೆಯಪ್ಪನದು.

ಅಂಚಿನ ಊರುಗಳವರು ಇದನ್ನು ಅವನ ಸೋಮಾರಿತನವೆಂದೇ ತಿಳಿದಿದ್ದರು. ಸಂಜೆಯ ಹಾಡು ಚರಣಕ್ಕೆ ಬರುವ ಹೊತ್ತಿಗೆ ನಿಲಯ ಸಣ್ಣಗಾಗಿ, ಬೇರೆ ಯಾರೋ ಬೇರೆ ಏನೋ ಮಾತಾಡುವುದು ಮೇಲೇಳುತ್ತಿತ್ತು. ಬೈದು ಬರೆಯುತ್ತಿದ್ದರು. ತನ್ನ ತಂಗಿಯ ಊರಿನಲ್ಲಿ ಸಂಜೆ ಏನೂ ಕೇಳಿಸುವುದಿಲ್ಲವೆಂದು ಅವನ ಖಾಯಂ ಕ್ಷೌರಿಕ ಕತ್ತಿಯನ್ನು ಗಂಟಲ ಮೇಲೆ ಇಟ್ಟುಕೊಂಡೇ ದೂರುತ್ತಿದ್ದ. ಮೊದಲಲ್ಲಿ ಸಂಜೆಯಪ್ಪ ಆಕಾಶ, ಪದರ, ಚೆಂಡು ಎಂದೆಲ್ಲ ವಿವರಿಸುತ್ತಿದ್ದ. ಆಮೇಲೆ ಹೂಂಗುಟ್ಟುವುದನ್ನು ಕಲಿತ. ಕತ್ತಿ ಗಂಟಲ ಮೇಲಿರುವಾಗ ಹೂಂ ಅನ್ನುವುದೇ ಕ್ಷೇಮ.

ಅವನ ಕಷ್ಟ ತಿಳಿದವನು ಒಬ್ಬನೇ ಇದ್ದ, ಅವನ ಮುಖವನ್ನು ಸಂಜೆಯಪ್ಪ ನೋಡಿರಲಿಲ್ಲ. ದೂರದಲ್ಲಿ ಅದೇ ಅಂಕಿಯ ಮೇಲಿದ್ದ ನಿಲಯದಲ್ಲಿ ಇವನಂತೆಯೇ ಕುರ್ಚಿ ಕಾಯುವವನು. ಯಾವ ಕಾಲದಲ್ಲೋ ಒಂದು ತಕರಾರಿನ ಸಲುವಾಗಿ ಫೋನಿನಲ್ಲಿ ಮಾತಾಡಿ ಪರಿಚಯವಾಗಿತ್ತು. ಹೆಣ್ಣು ಕೊಟ್ಟಿಲ್ಲ, ತಂದಿಲ್ಲ, ಆದರೂ ಒಬ್ಬರ ಮನೆಗೆ ಒಬ್ಬರು ಹೇಳದೆ ಕೇಳದೆ ನುಗ್ಗಿಬಿಡುವ ಭಯ ಇದೆಯಲ್ಲ, ಹಾಗಾದರೆ ನಾವು ಬೀಗರೇ ಸರಿ ಎಂದು ಆ ಕಡೆಯವನು ನಕ್ಕಿದ್ದ. ಅಂದಿನಿಂದ ಇಬ್ಬರೂ ಬೀಗರು. ಆಗೀಗ ಫೋನ್ ಮಾಡಿಕೊಂಡು ಮಂಡಿನೋವು, ರಜೆ, ಮೇಲಿನವರ ಕಾಟ ಇವನ್ನೆಲ್ಲ ಮಾತಾಡಿಕೊಳ್ಳುತ್ತಿದ್ದರು.

ಶಕ್ತಿ ಇಳಿಸುವುದರಲ್ಲಿ ಸಂಜೆಯಪ್ಪನದೇ ಒಂದು ಕೈಚಳಕವಿತ್ತು. ಹಿಡಿಕೆಯನ್ನು ಹತ್ತರಿಂದ ಒಂದಕ್ಕೆ ಎಳೆಯುವಾಗ ಕಣ್ಣು ಮಿಟುಕಿಸುವಷ್ಟು ಹೊತ್ತು ನಿಲಯ ಪೂರ್ತಿ ಸತ್ತುಹೋಗುತ್ತದೆ. ಬೇರೆ ಪಾಳಿಯವರು ಗಡಿಯಾರ ನೋಡಿ ದಬಕ್ಕನೆ ಎಳೆದುಬಿಡುತ್ತಿದ್ದರು, ಅರ್ಧ ಪದ ಕೇಳುಗನ ಕಿವಿಗೂ ಅರ್ಧ ಪದ ಮಣ್ಣಿಗೂ ಹೋಗುತ್ತಿತ್ತು. ಸಂಜೆಯಪ್ಪ ಹಾಗಲ್ಲ. ಹಿಡಿಕೆಯ ಮೇಲೆ ಕೈಯಿಟ್ಟು, ಮಾತಾಡುವವರು ಉಸಿರು ತೆಗೆದುಕೊಳ್ಳುವುದಕ್ಕೆ ಕಾಯುತ್ತಿದ್ದ. ಯಾರು ಎಲ್ಲಿ ಉಸಿರೆಳೆಯುತ್ತಾರೆಂದು ಅವನಿಗೆ ಗೊತ್ತು. ಆ ಸಂದಿನಲ್ಲಿ ಎಳೆದುಬಿಟ್ಟರೆ ಒಂದು ಅಕ್ಷರವೂ ಪೆಟ್ಟಾಗುತ್ತಿರಲಿಲ್ಲ. ಇದನ್ನು ಯಾರೂ ಗಮನಿಸಲಿಲ್ಲ, ಹೊಗಳಲಿಲ್ಲ. ಅವನೂ ಹೇಳಿಕೊಳ್ಳಲಿಲ್ಲ.

ಸಂಜೆಯ ಕಾರ್ಯಕ್ರಮಕ್ಕೆ ಅವನ ಮಗಳೇ ಬಂದ ಮೇಲೆ ಈ ಕೈಚಳಕ ಅವನ ಜೀವ ಹಿಂಡತೊಡಗಿತು.

ಮಗಳನ್ನು ಮನೆಯಲ್ಲಿ ಕರೆಯುತ್ತಿದ್ದದ್ದು ಪಿಟೀಲು ಎಂದು. ಮಗುವಾಗಿದ್ದಾಗ ಬೇಕಾದ್ದು ಸಿಗುವವರೆಗೆ ಸಣ್ಣ ದನಿಯಲ್ಲಿ ಒಂದೇ ರಾಗ ಕುಯ್ಯುತ್ತಿದ್ದಳು, ಅದಕ್ಕೆ ಸಂಜೆಯಪ್ಪನ ಅಕ್ಕ ಇಟ್ಟ ಹೆಸರು. ಹೆಂಡತಿ ತೀರಿಕೊಂಡಾಗ ಕೂಸಿಗೆ ನಡೆಯಲು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಸಂಜೆಯಾದರೆ ಮನೆಯಲ್ಲಿರದ ಗಂಡಸು ಕೂಸನ್ನು ಹೇಗೆ ಸಾಕಿಯಾನು? ಅಕ್ಕ ಏನೂ ಮಾತಾಡದೆ ಮಗುವನ್ನು ಸೊಂಟಕ್ಕೇರಿಸಿಕೊಂಡು ತನ್ನ ಊರಿಗೆ ಹೋದಳು. ಬೆಳಿಗ್ಗೆ ಹೊರಟ ಬಸ್ಸು ಊಟದ ಹೊತ್ತಿಗೆ ಮುಟ್ಟಿಸುವ ಊರು ಅದು, ನಿಲಯದ ದನಿ ತಲುಪುವ ಸೀಮೆಯ ಕಟ್ಟಕಡೆ. ಓದು ಮುಗಿಯುವವರೆಗೆ ಪಿಟೀಲು ಅತ್ತೆಯ ಮಗ್ಗುಲಲ್ಲೇ ಬೆಳೆದಳು. ಹೊದಿಕೆ ಒದ್ದು ಮಲಗುವ ಹುಡುಗಿ ಅವಳು, ದೀಪ ಆರಿಸುವ ಮುನ್ನ ಅತ್ತೆ ಹೇಳುತ್ತಿದ್ದ ಕಡೆಯ ಮಾತು, ಹೊದ್ದುಕೊಳ್ಳೋದು ಮರೀಬೇಡ.

ಆಮೇಲೆ ಪಿಟೀಲು ಅಪ್ಪನ ಊರಿಗೆ ಬಂದು ಸ್ಟುಡಿಯೋ ಸೇರಿದಳು. ಟೇಪು ಹೊತ್ತಳು, ಹಾಡಿನ ತಟ್ಟೆ ಹಾಕಿದಳು, ಯಾರಿಗಾದರೂ ನೆಗಡಿಯಾದರೆ ಅವರ ಬದಲು ಎರಡು ಸಾಲು ಓದಿದಳು. ಕಾದು ಕಾದು, ಕಡೆಗೆ ಬೇಸಿಗೆಯ ಮೊದಲಿಗೆ ಸಂಜೆಯ ಕಾರ್ಯಕ್ರಮ ಅವಳ ಕೈಗೆ ಬಂತು. ಕೇಳುಗರ ಪತ್ರ, ನಡುನಡುವೆ ಹಾಡು, ಒಂದಿಷ್ಟು ಹರಟೆ. ನಿಲಯದಲ್ಲಿ ಅದಕ್ಕಿಂತ ದೊಡ್ಡ ಗಾದಿ ಇರಲಿಲ್ಲ. ಮುಗಿಸುವಾಗ ಅವಳು ಬೇರೆಯವರಂತೆ ನಮಸ್ಕಾರ ಹೇಳಲಿಲ್ಲ. "ಹೊದ್ದುಕೊಳ್ಳೋದು ಮರೀಬೇಡಿ" ಎಂದಳು.

ಊರಿಗೆ ಆ ಮಾತು ಹಿಡಿಸಿಬಿಟ್ಟಿತು. ಅಂಗಡಿಯವರು ಬಾಗಿಲು ಹಾಕುವಾಗ ಒಬ್ಬರಿಗೊಬ್ಬರು ಅದನ್ನೇ ಹೇಳಿಕೊಂಡು ನಗುತ್ತಿದ್ದರು. ಅದು ಯಾರಿಗಾಗಿ ಹೇಳಿದ ಮಾತೆಂದು ಗೊತ್ತಿದ್ದವರು ಮೂರೇ ಜನ. ಬೇಸಿಗೆಯಲ್ಲಿ ಸೂರ್ಯ ನಿಧಾನ, ಕಾರ್ಯಕ್ರಮ ಮುಗಿದ ಮೇಲೆ ಮುಳುಗುತ್ತಿದ್ದ. ಹತ್ತು ಕಿಲೋವ್ಯಾಟಿನಲ್ಲಿ ಆ ಮಾತು ಅಕ್ಕನ ಮನೆಗೆ ಹೋಗಿ ಮುಟ್ಟುತ್ತಿತ್ತು. ಹೊದ್ದುಕೊಂಡೆ ಮಗಳೇ ಎಂದು ಅಕ್ಕ ರೇಡಿಯೋಗೆ ಉತ್ತರ ಕೊಡುತ್ತಾಳೆಂದು ಪಕ್ಕದ ಮನೆಯ ಟೈಲರಮ್ಮ ಹೇಳುತ್ತಿದ್ದಳು.

ಮಳೆಗಾಲದಲ್ಲಿ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆ ವಯಸ್ಸಿಗೆ ಅದು ಕೂಡುವುದಿಲ್ಲವೆಂದು ವೈದ್ಯರು ಮಂಚಕ್ಕೆ ಹಾಕಿದರು. ಮುಂದಿನ ಬೇಸಿಗೆಯ ಮಾತೆತ್ತಿದಾಗ ಅವರು ಸಂಜೆಯಪ್ಪನ ಮುಖ ನೋಡದೆ ಕೈ ತೊಳೆದುಕೊಳ್ಳಲು ಎದ್ದುಹೋದರು. ಟೈಲರಮ್ಮ ಎರಡು ಹೊತ್ತು ಬಂದು ನೋಡಿಕೊಳ್ಳುತ್ತಿದ್ದಳು. ಊರು ಬಿಟ್ಟು ಬರಲು ಅಕ್ಕ ಒಪ್ಪಲಿಲ್ಲ, ಒಪ್ಪಿದ್ದರೂ ಬಸ್ಸಿನ ಕುಲುಕಾಟ ತಡೆಯುವ ಸ್ಥಿತಿಯಲ್ಲಿ ಇರಲಿಲ್ಲ. ಅವಳ ದಿನವೆಲ್ಲ ಸಂಜೆಯ ಕಡೆಗೆ ಮುಖಮಾಡಿ ಮಲಗಿರುತ್ತಿತ್ತು.

ಅಷ್ಟರಲ್ಲಿ ಚಳಿಗಾಲ ಕಾಲಿಟ್ಟಿತು. ಸೂರ್ಯ ದಿನದಿನಕ್ಕೂ ಬೇಗ ಮುಳುಗತೊಡಗಿದ. ಮೊದಲು ಕಾರ್ಯಕ್ರಮದ ಬಾಲ ಹೋಯಿತು. ಬಾಲದಲ್ಲೇ ಆ ಮಾತಿದ್ದದ್ದು. ಆಮೇಲೆ ಅರ್ಧ ಹೋಯಿತು, ಆಮೇಲೆ ಮೊದಲ ಪತ್ರವೊಂದನ್ನು ಬಿಟ್ಟು ಪೂರ್ತಿ. ಮಗಳು ಎಲ್ಲಿ ಉಸಿರೆಳೆಯುತ್ತಾಳೆಂದು ತಂದೆಗೆ ಗೊತ್ತಿರದೆ ಇನ್ನಾರಿಗೆ ಗೊತ್ತು? ಪತ್ರದ ಹೆಸರು ಓದಿ, ಊರು ಹೇಳುವ ಮುನ್ನ ಒಂದು ಸಣ್ಣ ಉಸಿರು. ದಿನವೂ ಆ ಉಸಿರಿನಲ್ಲಿ ಹಿಡಿಕೆ ಎಳೆದು ಅವಳನ್ನು ಅಕ್ಕನಿಂದ ಕತ್ತರಿಸುತ್ತಿದ್ದ, ಒಂದು ಅಕ್ಷರಕ್ಕೂ ನೋವಾಗದ ಹಾಗೆ. ಕತ್ತರಿಸಿ ಕೈ ಒರೆಸಿಕೊಳ್ಳುತ್ತಿದ್ದ. ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ರಜೆಯಲ್ಲಿ ನೋಡಲು ಹೋದಾಗ ಮಗಳ ಮಾತನ್ನು ಟೇಪಿಗೆ ತುಂಬಿಸಿಕೊಂಡು ಹೋಗಿದ್ದ. ಅಕ್ಕ ಸ್ವಲ್ಪ ಕೇಳಿ ಆರಿಸು ಎಂದಳು.

"ಟೇಪಲ್ಲಿ ಸತ್ತೋರೂ ಮಾತಾಡ್ತಾರೆ ಕಣೋ. ಅವಳು ಈಗ ಹೇಳ್ತಿದಾಳೆ, ಈ ಗಳಿಗೇಲಿ ನನ್ನ ನೆನಸ್ಕೊಂಡಿದಾಳೆ, ಅಷ್ಟು ಗೊತ್ತಾದ್ರೆ ಸಾಕು ನಂಗೆ. ಆ ಒಂದು ಮಾತು ಕೇಳಿಸೋ ಹಾಗೆ ಮಾಡು. ನಿನ್ನ ಕೈಯಲ್ಲೇ ಇದ್ಯಲ್ಲ."

ಹೊದಿಕೆ ಅವಳ ಕಾಲ ಬಳಿ ಮಡಿಸಿದ ಹಾಗೇ ಬಿದ್ದಿತ್ತು. ಹೇಳದೆ ಹೊದೆಯುವುದಿಲ್ಲವಂತೆ, ನಿದ್ದೆ ಹತ್ತಿದ ಮೇಲೆ ತಾನೇ ಬಂದು ಹೊದಿಸಬೇಕು ಎಂದು ಟೈಲರಮ್ಮ ಬಾಗಿಲಲ್ಲಿ ಪಿಸುಗುಟ್ಟಿದಳು. ಮುದುಕಿಯ ಹಟ ಎಂದು ಸಂಜೆಯಪ್ಪನಿಗೆ ಸಿಟ್ಟು ಬಂತು. ಬಸ್ಸಿನಲ್ಲಿ ಕೂತ ಮೇಲೆ ಆ ಸಿಟ್ಟು ಉಳಿಯಲಿಲ್ಲ.

ಪಿಟೀಲಿಗೆ ಇದೊಂದೂ ಗೊತ್ತಿರಲಿಲ್ಲ. ಶಕ್ತಿ ಇಳಿಸುತ್ತಾರೆಂದು ಗೊತ್ತು, ಆದರೆ ಅತ್ತೆಯ ಮನೆಗೆ ಕೇಳಿಸುವುದೇ ಇಲ್ಲವೆಂದು ಅವಳು ಎಣಿಸಿರಲಿಲ್ಲ, ಆ ಮನೆಗೆ ರೇಡಿಯೋ ಬಂದದ್ದೇ ಅವಳು ಹೊರಟು ಬಂದ ಮೇಲೆ. ಬೆಳಗಿನ ಚಹಾ ಕುಡಿಯುವಾಗ, ಅತ್ತೆ ನಿನ್ನೆ ಕೇಳಿರುತ್ತಾಳಲ್ಲವೇ ಎನ್ನುತ್ತಿದ್ದಳು. ಕೇಳದೆ ಇರುತ್ತಾಳೆಯೇ ಎಂದು ಸಂಜೆಯಪ್ಪ ಲೋಟದೊಳಗೆ ನೋಡುತ್ತ ಹೇಳುತ್ತಿದ್ದ. ಎಷ್ಟೋ ವರ್ಷ ಕಾದು ಸಿಕ್ಕ ಗಾದಿ, ಅದರ ಸಂತೋಷಕ್ಕೆ ಕಲ್ಲು ಹಾಕಲು ಅವನಿಗೆ ಮನಸ್ಸಿರಲಿಲ್ಲ. ಕಾರ್ಯಕ್ರಮವನ್ನು ಸ್ವಲ್ಪ ಮುಂಚೆ ಇಡಲಾಗದೇ ಎಂದು ನಿಲಯದ ಮುಖ್ಯಸ್ಥರನ್ನು ಸುತ್ತುಬಳಸಿ ಕೇಳಿ ನೋಡಿದ. ಸಂಜೆಯ ಕಾರ್ಯಕ್ರಮ ಸಂಜೆಯಲ್ಲದೆ ಇನ್ಯಾವಾಗ ಎಂದು ಅವರು ನಕ್ಕರು.

ಒಂದು ಸಂಜೆ ಟೈಲರಮ್ಮ ಔಷಧಿ ಅಂಗಡಿಯಿಂದ ಫೋನ್ ಮಾಡಿ, ಅಕ್ಕ ಎರಡು ದಿನದಿಂದ ಗಂಜಿಯನ್ನೂ ಪಕ್ಕಕ್ಕೆ ತಳ್ಳುತ್ತಿದ್ದಾಳೆ ಎಂದಳು. ಫೋನಿಟ್ಟು ಸಂಜೆಯಪ್ಪ ಕುರ್ಚಿಗೆ ಬಂದು ಕೂತ. ಕಿಟಕಿಯಾಚೆ ಬಯಲು ಕೆಂಪಾಯಿತು, ಆಮೇಲೆ ಬೂದಿಯಾಯಿತು. ಗೋಡೆಗೆ ಅಂಟಿಸಿದ್ದ ಸೂರ್ಯಾಸ್ತದ ಪಟ್ಟಿಯ ಹೊತ್ತು ಬಂತು. ಮಗಳು ಪತ್ರದ ಹೆಸರು ಓದಿದಳು, ಸಣ್ಣ ಉಸಿರೆಳೆದಳು, ಊರು ಹೇಳಿದಳು. ಅವನ ಕೈ ತೊಡೆಯ ಮೇಲೆ ಇದ್ದಲ್ಲೇ ಇತ್ತು. ಮೀಟರಿನ ಮುಳ್ಳು ಹತ್ತರ ಮೇಲೆ ಅಲ್ಲಾಡದೆ ನಿಂತಿತ್ತು. ಒಂದು ಸಂಜೆ, ಒಂದೇ ಒಂದು. ಅಷ್ಟಕ್ಕೆ ಆಕಾಶವೇನು ಕಳಚಿ ಬೀಳುವುದಿಲ್ಲವೆಂದು ಅವನು ತನಗೆ ತಾನೇ ಹೇಳಿಕೊಂಡ.

ಸ್ವಲ್ಪ ಹೊತ್ತಿಗೆ ಫೋನ್ ಹೊಡೆದುಕೊಳ್ಳತೊಡಗಿತು. ಯಾರದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಎತ್ತಲಿಲ್ಲ. ನಿಂತಿತು, ಮತ್ತೆ ಹೊಡೆದುಕೊಂಡಿತು. ಮಗಳು ಹೊದ್ದುಕೊಳ್ಳೋದು ಮರೀಬೇಡಿ ಎಂದ ಮೇಲೆಯೇ ಅವನು ಎದ್ದು ಹಿಡಿಕೆ ಎಳೆದದ್ದು. ಅಷ್ಟರಲ್ಲಿ ಫೋನ್ ತಣ್ಣಗಾಗಿತ್ತು. ಎಷ್ಟೋ ಕಾಲದ ಮೇಲೆ ಆ ದಿನ ಅವನು ಸೈಕಲ್ ತುಳಿಯುವಾಗ ಸಣ್ಣಗೆ ಶಿಳ್ಳೆ ಹಾಕಿದ.

ಬೆಳಿಗ್ಗೆ ಔಷಧಿ ಅಂಗಡಿಗೆ ತಾನೇ ಫೋನ್ ಮಾಡಿ ಟೈಲರಮ್ಮನನ್ನು ಕರೆಸಿದ. ಒಳ್ಳೆಯ ಸುದ್ದಿ ಕೇಳುವವನ ಹಾಗೆ ಸ್ಟೂಲಿನ ಮೇಲೆ ಕೂತು ಕೇಳಿದ. ನಿನ್ನೆಯದು ದಿನದ್ದಕ್ಕಿಂತ ಕೆಟ್ಟದಾಗಿತ್ತು ಎಂದಳು ಟೈಲರಮ್ಮ. ದನಿಯೇನೋ ಜೋರಾಗಿ ಬಂತು, ಆದರೆ ಬಾವಿಯೊಳಗಿಂದ ಮಾತಾಡಿದ ಹಾಗೆ ತಿರುಚಿಕೊಂಡು, ಒಮ್ಮೆ ಮುಳುಗಿ ಒಮ್ಮೆ ಏಳುತ್ತ, ಒಂದು ಪದವೂ ಅರ್ಥವಾಗಲಿಲ್ಲ. ಹುಡುಗಿಗೆ ಏನಾಯಿತೋ ಎಂದು ಅಕ್ಕ ಗಾಬರಿಬಿದ್ದು ನಿದ್ದೆಯನ್ನೇ ಮಾಡಲಿಲ್ಲವಂತೆ.

ಸಂಜೆಯಪ್ಪನಿಗೆ ನಂಬಿಕೆ ಬರಲಿಲ್ಲ. ಹತ್ತು ಕಿಲೋವ್ಯಾಟ್ ಕೊಟ್ಟರೂ ಕೇಳಿಸಲಿಲ್ಲವೆಂದರೆ ಏನರ್ಥ? ಅದೇ ಯೋಚನೆಯಲ್ಲಿ ಕೆಲಸಕ್ಕೆ ಹೋಗಿ ಕೂತಿದ್ದಾಗ, ಸೂರ್ಯ ಇಳಿಯುವ ಮುಂಚೆಯೇ ಬೀಗನ ಫೋನ್ ಬಂತು. ಬೀಗ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನ ದನಿಯೂ ಇವನ ದನಿಯಷ್ಟೇ ದಣಿದಿತ್ತು. ಆ ಕಡೆ ಗುಡ್ಡದ ಮೇಲಿನ ಊರುಗಳಿಗೆ ಫೋನಿಲ್ಲ. ಆಸ್ಪತ್ರೆಯಿಂದ ಯಾರನ್ನು ಬಿಡುತ್ತಾರೆ, ಯಾರನ್ನು ಬಂದು ಕರೆದುಕೊಂಡು ಹೋಗಬೇಕು ಎಂಬುದನ್ನು ಸಂಜೆ ಆ ಹೊತ್ತಿಗೆ ನಿಲಯದಲ್ಲಿ ಓದುತ್ತಾರೆ, ಊರಿನವರು ಕೇಳಿಸಿಕೊಂಡು ಬೆಳಿಗ್ಗೆ ಗಾಡಿ ತರುತ್ತಾರೆ.

"ನಿನ್ನೆ ಗುಡ್ಡದ ಮೇಲೆಲ್ಲ ನಿಮ್ಮ ಮಗಳೇ ಬೀಗರೇ. ಪಕ್ಕದಲ್ಲಿ ಕೂತು ಮಾತಾಡಿದ ಹಾಗಿತ್ತಂತೆ, ಬಸ್ಸಿನವನು ಬಂದು ಹೇಳ್ದ. ಹೊದ್ದುಕೊಳ್ಳಿ ಅಂದ್ಲಂತೆ. ನಮ್ಮೋರು ಓದಿದ ಹೆಸರು ಮಾತ್ರ ಯಾರಿಗೂ ಕೇಳಿಸ್ಲಿಲ್ಲ. ಒಬ್ಬ ಮುದುಕ ಬೆಳಗಿನಿಂದ ಆಸ್ಪತ್ರೆ ಗೇಟಿನ ಬೆಂಚಿನ ಮೇಲೆ ಗಂಟು ಇಟ್ಕೊಂಡು ಕೂತಿದಾನೆ. ಮಂಚ ಬೇರೆಯವರಿಗೆ ಕೊಟ್ಟಾಯ್ತು. ನಮ್ಮೋರು ನನ್ನ ಬಿಟ್ರಾ ಅಂತ ಹೋದೋರನ್ನೆಲ್ಲ ಕೇಳ್ತಿದಾನೆ. ನಾನೇ ಹೋಗಿ ಒಂದು ಲೋಟ ಚಹಾ ಕೊಟ್ಟು ಬಂದೆ."

ಬೀಗ ಮೇಲಿನವರಿಗೆ ದೂರು ಕೊಡುವುದಿಲ್ಲವೆಂದ. ಕಾರಣವನ್ನೂ ಕೇಳಲಿಲ್ಲ.

"ಇವತ್ತು ಅವನ ಹೆಸರು ಮತ್ತೆ ಓದ್ತಾರೆ. ಕೈ ಹಿಡಿಕೆ ಮೇಲಿರ್ಲಿ" ಎಂದಷ್ಟೇ ಹೇಳಿ ಇಟ್ಟುಬಿಟ್ಟ.

ಆ ಸಂಜೆ ಅವನು ಉಸಿರಿಗೂ ಕಾಯಲಿಲ್ಲ. ಪಟ್ಟಿಯ ಹೊತ್ತಿಗಿಂತ ಮೊದಲೇ ದಬಕ್ಕನೆ ಎಳೆದುಬಿಟ್ಟ. ಮಗಳ ಮಾತು ಅರ್ಧಕ್ಕೆ ತುಂಡಾಯಿತು.

ಮರುದಿನ ಇಂಜಿನಿಯರಮ್ಮ ತಿಂಗಳ ತಪಾಸಣೆಗೆ ಬಂದಾಗ ತಾನಾಗಿಯೇ ಎಲ್ಲ ಹೇಳಿಬಿಟ್ಟ. ಆಕೆ ಹಣೆ ಒತ್ತಿಕೊಂಡಳು. ಮೂರು ಊರುಗಳ ಟ್ರಾನ್ಸ್‌ಮಿಟರುಗಳನ್ನು ಒಬ್ಬಳೇ ನೋಡಿಕೊಳ್ಳುವವಳು, ಬಯ್ಯಲೂ ಆಕೆಗೆ ಶಕ್ತಿ ಇದ್ದಂತಿರಲಿಲ್ಲ. ಎಚ್ಚರಿಕೆಯ ಪತ್ರ ಕೊಡಲೇಬೇಕಾಗುತ್ತದೆ ಎಂದಳು. ಕೊಡಿ ಎಂದ. ಆದರೆ ಅಕ್ಕನಿಗೆ ಯಾಕೆ ಕೇಳಿಸಲಿಲ್ಲ, ಅದೊಂದನ್ನು ಹೇಳಿ ಎಂದು ಕೇಳಿದ.

"ಇಷ್ಟು ವರ್ಷದಲ್ಲಿ ಒಂದು ಸಲನಾದ್ರೂ ಕತ್ತಲಾದ ಮೇಲೆ ಅಷ್ಟು ದೂರದಲ್ಲಿ ಕೂತು ನಮ್ಮ ನಿಲಯ ಕೇಳಿದೀರಾ?" ಎಂದಳು ಇಂಜಿನಿಯರಮ್ಮ.

ಕೇಳಿರಲಿಲ್ಲ. ಆ ಹೊತ್ತಿಗೆ ಅವನು ಯಾವಾಗಲೂ ಈ ಕುರ್ಚಿಯಲ್ಲಿ ಇರುತ್ತಿದ್ದ. ಅಕ್ಕನನ್ನು ನೋಡಲು ಹೋದ ದಿನವೂ ಸಂಜೆಗೆ ಮುಂಚೆ ಬಸ್ಸು ಹಿಡಿಯುತ್ತಿದ್ದ.

"ಅಷ್ಟು ದೂರದಲ್ಲಿ ಸಂಜೆ ನಮ್ಮ ದನಿ ಎರಡು ದಾರೀಲಿ ಹೋಗುತ್ತೆ. ಒಂದು ನೆಲದ ಮೇಲೆ, ಇನ್ನೊಂದು ಆಕಾಶ ಸುತ್ತಿ ತಡವಾಗಿ. ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಬಲ. ಒಂದನ್ನೊಂದು ಕೆಡಿಸ್ತವೆ. ನೀವು ಶಕ್ತಿ ಏರಿಸಿದ್ರೆ ಎರಡೂ ಒಟ್ಟಿಗೇ ಏರ್ತವೆ. ಹತ್ತಲ್ಲ, ನೂರು ಕೊಟ್ರೂ ಅಲ್ಲಿಗೆ ಕೇಳಿಸಲ್ಲ ಸಂಜೆಯಪ್ಪ."

ಅವನು ಮೀಟರಿನ ಕಡೆ ನೋಡಿದ. ಇಷ್ಟು ಕಾಲವೂ ಅದು ತನ್ನ ಕೈಯಲ್ಲಿದೆ, ತಾನು ಮನಸ್ಸು ಮಾಡಿದರೆ ಆದೀತು, ಮನಸ್ಸು ಮಾಡದೆ ಇರುವುದೇ ತನ್ನ ಸಂಕಟ ಎಂದುಕೊಂಡಿದ್ದ. ಅವನ ಕೈಯಲ್ಲಿ ಏನೂ ಇರಲಿಲ್ಲ. ಅಲ್ಲಿ ಮುದುಕನೊಬ್ಬನನ್ನು ಬೆಂಚಿನ ಮೇಲೆ ಕೂರಿಸಿದ್ದೂ ಶುದ್ಧ ವ್ಯರ್ಥ. ಅವನಿಗೆ ಅಳು ಬಂತು. ಆ ಹೆಂಗಸಿನ ಮುಂದೆ ಅಳಬಾರದೆಂದು ಫ್ಯಾನಿನ ಧೂಳು ಒರೆಸುವ ನೆವದಲ್ಲಿ ಪೆಟ್ಟಿಗೆಯ ಹಿಂದೆ ಹೋದ.

ಮಗಳಿಗೆ ಹೇಳಿದ್ದು ಅದರ ಮಾರನೆಯ ಬೆಳಿಗ್ಗೆ. ಅವರಿದ್ದದ್ದು ಸೈಕಲ್ ಅಂಗಡಿಯ ಮಾಳಿಗೆಯ ಮೇಲಿನ ಎರಡು ಕೋಣೆಯಲ್ಲಿ. ಪಿಟೀಲು ಕಿಟಕಿಯ ಬಳಿ ತಲೆ ಬಾಚಿಕೊಳ್ಳುತ್ತಿದ್ದಳು. ಚಳಿ ಶುರುವಾದಾಗಿನಿಂದ ಅತ್ತೆಗೆ ಏನೂ ಕೇಳಿಸಿಲ್ಲವೆಂದೂ, ಹೊದಿಕೆ ಮಡಿಸಿದ ಹಾಗೇ ಇದೆಯೆಂದೂ, ತಾನು ಒಂದು ಸಂಜೆ ಶಕ್ತಿ ಇಳಿಸದೆ ಬಿಟ್ಟದ್ದು, ಆದ ಅನಾಹುತ, ಎಲ್ಲವನ್ನೂ ಗೋಡೆಗೆ ಮುಖಮಾಡಿ ಹೇಳಿದ. ಅವಳ ಬಾಚಣಿಗೆ ಕೂದಲ ನಡುವೆಯೇ ನಿಂತಿತ್ತು.

"ಹಾಗಾದ್ರೆ ಇಷ್ಟು ದಿನ ನಾನು ಯಾರಿಗೆ ಹೇಳ್ತಿದ್ದೆ ಅಪ್ಪ?"

ಊರಿಗೆ ಊರೇ ಕೇಳಿಸಿಕೊಳ್ಳುತ್ತದೆ ಎಂದು ಅವನು ಸಮಾಧಾನ ಹೇಳಲು ಹೋದ.

"ಊರಿಗೆ ಹೇಳಿದ್ದಲ್ಲ ಅದು" ಎಂದಳು. ಆಮೇಲೆ ಕೇಳಿದಳು, "ದಿನಾ ನೀನೇ ಕತ್ತರಿಸ್ತಿದ್ಯಾ? ನಂಗೆ ಒಂದು ದಿನನೂ ಗೊತ್ತಾಗ್ಲಿಲ್ವಲ್ಲ. ಎಲ್ಲಿ?"

"ನೀನು ಉಸಿರು ತಗೊಳ್ಳೋವಾಗ."

ಅವಳು ಬಾಚಣಿಗೆಯನ್ನು ಕಿಟಕಿಯ ಮೇಲಿಟ್ಟು ಅರ್ಧ ಬಾಚಿದ ತಲೆಯಲ್ಲೇ ಹೊರಟುಹೋದಳು. ಅದಾದ ಮೇಲೆ ಆ ಮನೆಯಲ್ಲಿ ಮಾತಿಲ್ಲ. ಚಹಾ ಲೋಟ ತಂದಿಡುತ್ತಿದ್ದಳು, ಇಟ್ಟು ಹೋಗುತ್ತಿದ್ದಳು. ಸಂಜೆ ಅವಳ ಮಾತು ಅವನ ಕೋಣೆಗೆ ಬರುತ್ತಿತ್ತು, ಕಡೆಯಲ್ಲಿ ಬರಿಯ ನಮಸ್ಕಾರ ಹೇಳುತ್ತಿದ್ದಳು. ಸಂಜೆಯಪ್ಪ ಹಿಡಿಕೆ ಎಳೆದು, ಕೈ ಒರೆಸಿಕೊಂಡು, ಮುಳ್ಳು ಒಂದಕ್ಕೆ ಬಂದದ್ದನ್ನು ಬರೆದಿಡುತ್ತಿದ್ದ. ಇಷ್ಟು ದಣಿವು ಅವನಿಗೆ ಹೆಂಡತಿ ಹೋದಾಗಲೂ ಆಗಿರಲಿಲ್ಲ.

ಹೀಗೆ ಒಂದು ವಾರವೋ ಹತ್ತು ದಿನವೋ ಕಳೆದಿರಬೇಕು. ಮಧ್ಯಾಹ್ನ ಅವನು ಊಟಕ್ಕೆ ಕೂತಿದ್ದ. ಕೆಳಗಿನ ಸೈಕಲ್ ಅಂಗಡಿಯ ರೇಡಿಯೋದಲ್ಲಿ ಮಾರುಕಟ್ಟೆಯ ದರ ಬರುತ್ತಿತ್ತು. ನಿಲಯದಲ್ಲಿ ಯಾರಿಗೂ ಬೇಡವಾದ ಕೆಲಸ ಅದು. ದರದಣ್ಣನೆಂಬ ಹಳೆಯ ನೌಕರ ವರ್ಷಗಟ್ಟಲೆಯಿಂದ ಆಕಳಿಸುತ್ತ ಅದನ್ನು ಓದಿಕೊಂಡು ಬಂದಿದ್ದ. ಈರುಳ್ಳಿ ಒಂದನೇ ದರ್ಜೆ, ಈರುಳ್ಳಿ ಎರಡನೇ ದರ್ಜೆ, ಆಲೂಗಡ್ಡೆ, ಒಣಮೆಣಸಿನಕಾಯಿ. ಸಂಜೆಯಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಒಂದನೇ ದರ್ಜೆಗೂ ಬೆಲೆಗೂ ನಡುವೆ ಒಂದು ಸಣ್ಣ ಉಸಿರು. ಆ ಉಸಿರು ದರದಣ್ಣನದಲ್ಲ.

ಕಡಲೆಕಾಯಿ, ಬೆಲ್ಲ, ಬೆಳ್ಳುಳ್ಳಿ ಎಲ್ಲ ಮುಗಿಯಿತು. ಹೊರಗೆ ರಸ್ತೆಯ ಡಾಂಬರು ಬಿಸಿಲಿಗೆ ಮಿರಮಿರ ಹೊಳೆಯುತ್ತಿತ್ತು. "ಇವತ್ತಿನ ದರ ಇಷ್ಟು" ಎಂದಳು ಪಿಟೀಲು. "ಹೊದ್ದುಕೊಳ್ಳೋದು ಮರೀಬೇಡಿ."

ಕೆಳಗೆ ಸೈಕಲ್ ಅಂಗಡಿಯವನು ಗಹಗಹಿಸಿ ನಕ್ಕ. ಮಟಮಟ ಮಧ್ಯಾಹ್ನ ಹೊದ್ದುಕೊಳ್ಳಬೇಕಂತೆ, ಸಂಜೆಯಪ್ಪನ ಮಗಳಿಗೆ ಬಿಸಿಲು ನೆತ್ತಿಗೇರಿದೆ ಎಂದು ಬೀದಿಗೆಲ್ಲ ಸಾರಿದ. ಊರೂ ನಕ್ಕಿತು. ಮಂಡಿಯಲ್ಲಿ ತಕ್ಕಡಿ ಹಿಡಿದವರು ನಕ್ಕರು. ಮುಖ್ಯಸ್ಥರು ಮೂಗು ಮುರಿದರು. ಅವಳಾಗಿಯೇ ಕೇಳಿ ಬದಲಾಯಿಸಿಕೊಂಡಳು, ಕಾರಣ ಹೇಳಲಿಲ್ಲ, ಕೈಗೆ ಬಂದದ್ದನ್ನು ಕಾಲಲ್ಲಿ ಒದ್ದಳು ಎಂದು ಸ್ಟುಡಿಯೋದವರು ಆಡಿಕೊಂಡರು. ಸಂಜೆಯ ಗಾದಿ ದರದಣ್ಣನಿಗೆ ಹೋಯಿತು. ಅವನು ಪ್ರೇಮಗೀತೆಯ ಸಾಲನ್ನೂ ಎರಡನೇ ದರ್ಜೆಯ ಈರುಳ್ಳಿಯ ಹಾಗೇ ಓದುತ್ತಿದ್ದ. ಪಿಟೀಲಿನ ದನಿ ಹುಟ್ಟಿದ್ದೇ ಸಂಜೆಗೆ, ಅದು ಅವಳಿಗೂ ಗೊತ್ತಿತ್ತು. ಬಿಟ್ಟುಕೊಟ್ಟ ದಿನ ಸ್ಟುಡಿಯೋದ ಬಚ್ಚಲಲ್ಲಿ ಅತ್ತಳೆಂದು ಚಹಾದವನು ಸಂಜೆಯಪ್ಪನಿಗೆ ಹೇಳಿದ. ಮನೆಯಲ್ಲಿ ಅವಳು ಅದರ ಮಾತೆತ್ತಲಿಲ್ಲ. ಮರುದಿನ ಚಹಾ ಲೋಟ ಇಟ್ಟು, ಸಕ್ಕರೆ ಸಾಕಾ ಎಂದಳು. ಸಾಕು ಎಂದ. ಮಾತು ಅಲ್ಲಿಂದ ಮತ್ತೆ ಶುರುವಾಯಿತು.

ವಾರದ ರಜೆ ಬಂದಾಗ ಅವನು ಅಕ್ಕನ ಊರಿಗೆ ಹೋದ. ಅಕ್ಕ ಇನ್ನೂ ಇಳಿದುಹೋಗಿದ್ದಳು, ಮಂಚದ ಮೇಲೆ ಒಂದು ಮಗು ಮಲಗಿದಷ್ಟೇ ಜಾಗ. ಚಳಿಗಾಲವಾದರೂ ಮಧ್ಯಾಹ್ನದ ಬಿಸಿಲಿಗೆ ತಗಡಿನ ಸೂರು ಕಾದು ಕೋಣೆ ಕುದಿಯುತ್ತಿತ್ತು. ಗೋಡೆಯಾಚೆ ಟೈಲರಮ್ಮನ ಮಷಿನ್ ಓಡುತ್ತಿತ್ತು. ದರದ ಹೊತ್ತಿಗೆ ಅದು ನಿಂತಿತು, ಅವಳು ಬಂದು ಸ್ಟೂಲಿನ ಮೇಲಿದ್ದ ರೇಡಿಯೋ ಹಾಕಿ ಬಾಗಿಲಲ್ಲಿ ಕೂತಳು. ಈರುಳ್ಳಿ ಇಳಿದಿತ್ತು, ಮೆಣಸಿನಕಾಯಿ ಏರಿತ್ತು. ಅಕ್ಕ ಕಣ್ಣು ಮುಚ್ಚಿಕೊಂಡು ಒಂದೊಂದನ್ನೂ ಕೇಳಿಸಿಕೊಂಡಳು, ಕೊಳ್ಳಲು ಹೊರಟವಳ ಹಾಗೆ. ಹಗಲಿನ ಹತ್ತು ಕಿಲೋವ್ಯಾಟ್, ಕಡ್ಡಿ ಮುರಿದ ಹಾಗೆ ಸ್ಪಷ್ಟ.

ಹೊದ್ದುಕೊಳ್ಳೋದು ಮರೀಬೇಡಿ ಎಂದಿತು ರೇಡಿಯೋ. ಅಕ್ಕ ಕಾಲ ಬಳಿಯ ಹೊದಿಕೆಯನ್ನು ಇಷ್ಟಿಷ್ಟೇ ಎಳೆದು ಗಲ್ಲದವರೆಗೆ ತಂದುಕೊಂಡಳು. ಅವಳ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಸೆಕೆಗೆ ಉಸಿರು ಕಟ್ಟೀತೆಂದು ಸಂಜೆಯಪ್ಪ ಎದ್ದು ಹೊದಿಕೆ ಸರಿಸಲು ಕೈ ಹಾಕಿದ. ಅಕ್ಕ ಅವನ ಕೈ ತಡೆದಳು.

"ಇರ್ಲಿ ಬಿಡೋ. ಅವಳು ಹೇಳಿದಾಳಲ್ಲ."

ಸಂಜೆಯಪ್ಪ ಗೋಡೆಯ ಮೊಳೆಯಿಂದ ಬೀಸಣಿಗೆ ತೆಗೆದುಕೊಂಡು, ಹೊದ್ದು ಮಲಗಿದ ಅಕ್ಕನಿಗೆ ಗಾಳಿ ಬೀಸುತ್ತ ಕೂತ.